ಮೈಕ್ ಹಿಡಿದವರು ಮುಟ್ಟಬೇಡಿ

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ ಒಂದು ಮುಖ ಬಿಡಿಸಿಬಿಡುತ್ತದೆ, ಅಗಲವಾದ ಹಣೆ, ಶಾಂತವಾದ ಕಣ್ಣು. ಅವರ ಕಣ್ಣು ಶಾಂತವಾಗಿರಲಿಲ್ಲ ಎಂಬುದೊಂದೇ ನನಗೆ ಖಚಿತ. ಅವು ಸದಾ ನೆಲದ ಮೇಲಿನ ವೈರುಗಳನ್ನು ಹುಡುಕುತ್ತಿದ್ದವು.

ಮೇಷ್ಟ್ರು ಹೋದ ಸುದ್ದಿಯನ್ನು ಕೆಂಗೇರಿಯಿಂದ ಫೋನ್ ಮಾಡಿ ಹೇಳಿದ್ದು ನಮ್ಮ ಹಳೆಯ ಆರ್ಕೆಸ್ಟ್ರಾದ ಡ್ರಮ್ಮರ್. "ನಿದ್ದೇಲೇ ಹೋದ್ರಂತೆ ಕಣಮ್ಮ. ಬೆಳಗ್ಗೆ ಕಾಫಿಗೆ ಎಬ್ಬಿಸಕ್ಕೆ ಹೋದ್ರೆ ತಣ್ಣಗಿದ್ರಂತೆ."

ನನ್ನ ಬಾಯಿಂದ ಹೊರಟ ಮೊದಲ ಮಾತು, "ಫ್ಯಾನ್ ಓಡ್ತಿತ್ತಾ?"

ಆ ಕಡೆ ಅವನು ನಕ್ಕ. ನಾನು ಯಾಕೆ ಕೇಳಿದೆ ಅಂತ ಅವನಿಗೆ ಗೊತ್ತಿತ್ತು. "ಅವ್ರ ರೂಮಲ್ಲಿ ಫ್ಯಾನೇ ಹಾಕಿಸಿರ್ಲಿಲ್ವಂತಲ್ಲ," ಅಂದ.

ಎಂಬತ್ತರ ದಶಕದ ನಡುಭಾಗ. ವಿಜಯನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ಗಿರಣಿ ಶುರುವಾದರೆ ಮೇಲೆ ಟೈಪ್‌ರೈಟರುಗಳು ಸಣ್ಣಗೆ ನಡುಗುತ್ತಿದ್ದವು, ಹಾಳೆಯ ಮೇಲೆ ಹಿಟ್ಟಿನ ಧೂಳು ಕೂರುತ್ತಿತ್ತು. ಅವರು ಮೂಡಲಪಾಳ್ಯದ ಮನೆಯಿಂದ ಸೈಕಲ್ಲಿನಲ್ಲಿ ಬಂದು, ಬಾಗಿಲು ತೆಗೆದು, ಮರದ ರೂಲರ್ ಕೈಗೆತ್ತಿಕೊಂಡು ಅದರ ತುದಿಯಿಂದ ಲೈಟಿನ ಸ್ವಿಚ್ಚು ಒತ್ತುತ್ತಿದ್ದರು. ಬೆರಳಿನಿಂದ ಒತ್ತಿದ್ದನ್ನು ನಾನು ಕಂಡಿಲ್ಲ. ಹುಡುಗಿಯರು ನಗುತ್ತಿದ್ದೆವು. ರೂಲರ್ ಇರುವುದು ನಮ್ಮ ಬೆರಳಿಗೆ ಹೊಡೆಯಲು ಅಂತ ಮೊದಲ ವಾರ ಹೆದರಿಕೊಂಡಿದ್ದೆವು. ಸ್ವಿಚ್ಚಿಗೆ ಬಿಟ್ಟು ಬೇರೆ ಯಾವುದಕ್ಕೂ ಅವರು ಅದನ್ನು ಬಳಸಲಿಲ್ಲ.

"ಕೀ ನೋಡ್ಬೇಡಮ್ಮ, ಗೋಡೆ ನೋಡು. ಬೆರಳಿಗೆ ದಾರಿ ಗೊತ್ತಿರುತ್ತೆ." ಇದು ಅವರ ಪಾಠ.

ನಾನು ಟೈಪ್ ಮಾಡುತ್ತ ಹಾಡಿಕೊಳ್ಳುವುದನ್ನು ಕೇಳಿ ಒಂದು ದಿನ, "ಸ್ಟೇಜಲ್ಲಿ ಹಾಡ್ತೀಯೇನಮ್ಮ?" ಅಂದರು. ಟೈಪಿಂಗ್ ಮೇಷ್ಟ್ರು ಶನಿವಾರ ಭಾನುವಾರ ಒಂದು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತಾರೆ ಎಂದು ತಿಳಿದದ್ದು ಆಗ. ಆರ್ಕೆಸ್ಟ್ರಾದ ಯಜಮಾನ ಚಂದ್ರು, ರಾಜಾಜಿನಗರದವನು. ಸಫಾರಿ ಹಾಕಿಕೊಂಡು ನಿರೂಪಣೆಯನ್ನೂ ಮಾಡುತ್ತಿದ್ದ, ಗಂಡಸರ ಹಾಡುಗಳನ್ನೂ ಹಾಡುತ್ತಿದ್ದ. ಅಮ್ಮ ಒಂದೇ ಷರತ್ತು ಹಾಕಿದಳು, ಎಲ್ಲಿ ಹಾಡಿದರೂ ತಾನು ಜೊತೆಗೆ ಬರಬೇಕು. ಹಾಗೆ ಎಷ್ಟೋ ಗಣೇಶನ ಪೆಂಡಾಲುಗಳ ಹಿಂದೆ, ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು, ನನ್ನ ಅಮ್ಮ ಕೂತಿದ್ದಾಳೆ.

ಮೊದಲ ಕಾರ್ಯಕ್ರಮದಲ್ಲಿ ನಾನು ಮೈಕ್ ಹಿಡಿದು ಅವರ ಪಕ್ಕ ಹೋಗಿ ನಿಂತೆ. ಅವರು ಒಂದು ಹೆಜ್ಜೆ ಆಚೆ ಸರಿದರು. ನಾನು ಇನ್ನೂ ಹತ್ತಿರ ಹೋದೆ. ಅವರು ಇನ್ನೂ ಸರಿದರು. ಆಮೇಲೆ ಬಗ್ಗಿ, ತುಟಿ ಅಲುಗಿಸದೆ ಹೇಳಿದರು. "ಮೈಕ್ ಹಿಡ್ಕೊಂಡು ನನ್ನ ಮುಟ್ಬೇಡ ಕಣಮ್ಮ. ಯಾವತ್ತೂ."

ಆಗ ಅವರ ಕಾಲು ನೋಡಿದೆ. ಹವಾಯಿ ಚಪ್ಪಲಿ. ಚಪ್ಪಲಿಯ ಕೆಳಗೆ ಒಂದು ಮಣೆ. ಊಟಕ್ಕೆ ಕೂರುವ, ಮದುವೆಯಲ್ಲಿ ಕೂರಿಸುವ ಹಲಸಿನ ಮರದ ಮಣೆ. ಗಿಟಾರಿನ ಜೊತೆ ಅದನ್ನೂ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬರುತ್ತಿದ್ದರು. ಅದರ ಮೇಲಿಂದ ಅವರು ಇಳಿಯುತ್ತಿದ್ದುದು ಕೊನೆಯ ಹಾಡು ಮುಗಿದ ಮೇಲೆಯೇ.

ಅವರು ಹೆದರುತ್ತಿದ್ದುದು ಯಾವುದಕ್ಕೆ ಎಂದು ನನಗೆ ಅರ್ಥವಾಗಲು ಒಂದು ಮಳೆಗಾಲ ಬೇಕಾಯಿತು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎನ್ನುವ ಸಣ್ಣ ಪಟ್ಟಿಗಳಿರುತ್ತವೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯ ಸುರುಳಿ. ತಂತಿಯ ಮಿಡಿತವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದು ಅದರ ಕೆಲಸ. ಅವರ ಕೆಂಪು ಗಿಟಾರಿನಲ್ಲಿದ್ದವು ಒಂಟಿ ಸುರುಳಿಯ ಹಳೆಯ ಪಿಕಪ್ಪುಗಳು. ಅವು ತಂತಿಯ ಸದ್ದಿನ ಜೊತೆಗೆ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು, ಪಕ್ಕದ ಬೀದಿಯ ಮೋಟಾರು ಎಲ್ಲದರ ಗೊಣಗಾಟವನ್ನೂ ಹಿಡಿದು ತಂದು ಗುಂಯ್ ಎನ್ನುತ್ತಿದ್ದವು. ಆ ಗುಂಯ್ ಅಡಗಿಸಲು ಗಿಟಾರಿನ ಹೊಟ್ಟೆಯಲ್ಲಿ ಒಂದು ಸಣ್ಣ ವೈರಿತ್ತು. ಅದು ತಂತಿಗಳನ್ನು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿಸುತ್ತಿತ್ತು. ನುಡಿಸುವವನ ಕೈ ತಂತಿಯ ಮೇಲಿರುವಷ್ಟು ಹೊತ್ತು ಸದ್ದು ಅಡಗಿರುತ್ತದೆ. ಕೈ ಎತ್ತಿದರೆ ಮತ್ತೆ ಗುಂಯ್.

"ನಾನು ಮುಟ್ಟಿದ್ರೆ ಅದು ಸುಮ್ಮನಾಗುತ್ತೆ," ಅನ್ನುತ್ತಿದ್ದರು ಅವರು. "ಅದು ನನ್ನ ಮುಟ್ಟಿದ್ರೆ ನಾನು ಸುಮ್ಮನಾಗ್ತೀನಿ."

ಆಂಪ್ಲಿಫೈಯರಿನ ಮೈಯಲ್ಲಿ ಕರೆಂಟು ಇಲ್ಲದಿದ್ದರೆ ಇದರಲ್ಲಿ ಅಪಾಯವೇನಿಲ್ಲ. ಆದರೆ ಅಂದಿನ ಪೆಂಡಾಲುಗಳಿಗೆ ಕರೆಂಟು ಬರುತ್ತಿದ್ದುದು ಬೀದಿಯ ಕಂಬಕ್ಕೆ ಹಾಕಿದ ಕೊಕ್ಕೆಯಿಂದ. ಮೈಕ್‌ಸೆಟ್ಟಿನವನು ವೈರುಗಳ ಬರಿ ತುದಿಯನ್ನು ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುತ್ತಿದ್ದ. ಯಾವ ವೈರು ಯಾವ ತೂತಿಗೆ ಹೋಗಬೇಕು ಎಂಬ ಲೆಕ್ಕ ಅವನಿಗಿರಲಿಲ್ಲ. ಒಂದು ರೀತಿ ತುರುಕಿದರೆ ನಮ್ಮ ಹಳೆಯ ಆಂಪ್ಲಿಫೈಯರಿನ ಮೈ ಸತ್ತಂತಿರುತ್ತಿತ್ತು. ತಿರುಗಿಸಿ ತುರುಕಿದರೆ ಮೈತುಂಬ ಕರೆಂಟು. ಆಗ ಗಿಟಾರಿನ ತಂತಿಯಲ್ಲೂ ಕರೆಂಟು, ಅದನ್ನು ಹಿಡಿದ ಮನುಷ್ಯನಲ್ಲೂ. ಅವನು ಮಣೆಯ ಮೇಲೆ ನಿಂತಿರುವವರೆಗೆ ಏನೂ ಆಗುವುದಿಲ್ಲ. ವೈರಿನ ಮೂಲಕ ನೆಲಕ್ಕೆ ಸೇರಿದ ಒಂದು ಮೈಕು ಅಥವಾ ಅದನ್ನು ಹಿಡಿದ ಒಂದು ಕೈ ಅವನಿಗೆ ತಾಗಿದರೆ ಸಾಕು.

ನನ್ನ ತುಟಿಗೆ ಅದರ ರುಚಿ ಸಿಕ್ಕಿದೆ. ಒದ್ದೆ ನೆಲದ ದಿನ ಮೈಕಿಗೆ ತುಟಿ ತಾಗಿದರೆ ಇರುವೆ ಕಚ್ಚಿದ ಹಾಗೆ ಚುರ್ ಅನ್ನುತ್ತಿತ್ತು. ಅಮ್ಮ ತನ್ನ ಕರ್ಚೀಫನ್ನು ಮೈಕಿನ ತಲೆಗೆ ಕಟ್ಟಿದಳು. ಚಂದ್ರು ನೋಡಿ, "ಏನ್ ಆಂಟಿ, ಮೈಕಿಗೆ ಲಂಗೋಟಿ ಕಟ್ಟಿದೀರಾ?" ಅಂದ. ಅಮ್ಮ ನಗಲಿಲ್ಲ. "ನಿನ್ನ ಮಗಳು ಹಾಡಕ್ಕೆ ನಿಂತಾಗ ನೀನೂ ಕಟ್ತೀಯಪ್ಪ," ಅಂದಳು.

ಮೇಷ್ಟ್ರ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಟೆಸ್ಟರ್. ಕಾರ್ಯಕ್ರಮಕ್ಕೆ ಮುಂಚೆ ಅದನ್ನು ಹಿಡಿದು ಆಂಪ್ಲಿಫೈಯರು, ಮೈಕಿನ ಸ್ಟ್ಯಾಂಡು, ಪೆಂಡಾಲಿನ ಕಬ್ಬಿಣದ ಕಂಬ, ಎಲ್ಲಕ್ಕೂ ತಾಗಿಸುತ್ತ ಹೋಗುತ್ತಿದ್ದರು. "ಇದು ಆರ್ಕೆಸ್ಟ್ರಾನೋ ಕರೆಂಟ್ ಆಫೀಸೋ ಮೇಷ್ಟ್ರೇ?" ಎಂದು ಚಂದ್ರು ಕೂಗುತ್ತಿದ್ದ. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿದರೆ ಅಲ್ಲಿ ಕರೆಂಟಿದೆ ಎಂದರ್ಥ. ಆಗ ಅವರು ಮೈಕ್‌ಸೆಟ್ಟಿನವನನ್ನು ಹುಡುಕಿಕೊಂಡು ಹೋಗಿ, ವೈರು ತಿರುಗಿಸಿ ಹಾಕು ಎಂದು ಕೈ ಮುಗಿದು ಬೇಡಿಕೊಳ್ಳುತ್ತಿದ್ದರು. ಅವನು ಬೀಡಿ ಮುಗಿಸಿ ಬರುತ್ತಿದ್ದ. ಕೆಲವು ಸಲ ಬರುತ್ತಲೇ ಇರಲಿಲ್ಲ.

ಮೇಷ್ಟ್ರ ಸ್ನೇಹಿತನೊಬ್ಬನ ವಿಷಯವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಅವರೇ ನನಗೆ ಅದನ್ನು ಬೇರೆ ಬೇರೆ ಥರ ಹೇಳಿದ್ದಾರೆ. ಹೇರೋಹಳ್ಳಿ ಕಡೆಯ ಒಂದು ಬಯಲು, ಹಿಂದಿನ ದಿನ ಮಳೆ ಬಂದಿತ್ತು. ಸ್ನೇಹಿತ ಬೇರೆ ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಬೇಸ್ ಗಿಟಾರ್ ನುಡಿಸುವವನು. ಹಾಡಿನ ನಡುವೆ ಕೋರಸ್ಸಿಗೆ ಅಂತ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದು ಸಲ ಹೇಳುವಾಗ ಮೇಷ್ಟ್ರು ಸ್ಟೇಜಿನ ಮೇಲೆ ಅವನ ಪಕ್ಕದಲ್ಲೇ ಇದ್ದರು. ಇನ್ನೊಂದು ಸಲ ಜನರ ನಡುವೆ ಕಡಲೆಕಾಯಿ ತಿನ್ನುತ್ತ ಕೂತಿದ್ದರು. ಮತ್ತೊಮ್ಮೆ, ತಾವು ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದರು. ಯಾವುದು ನಿಜವೆಂದು ನಾನು ಕೇಳಲಿಲ್ಲ, ಈಗಲೂ ಆರಿಸಿಕೊಳ್ಳುವುದಿಲ್ಲ. ಎಲ್ಲ ಸಲವೂ ಬದಲಾಗದೆ ಉಳಿದದ್ದು ಒಂದು. ಅವನು ಮೈಕು ಹಿಡಿದು ನಡುಗುತ್ತಿದ್ದಾಗ ಜನ ಚಪ್ಪಾಳೆ ಹೊಡೆದರು. ಕುಣಿಯುತ್ತಿದ್ದಾನೆ ಅಂದುಕೊಂಡರು. ಕೆಲವರು ಶಿಳ್ಳೆ ಹಾಕಿದರು.

"ಸದ್ದು ನಿಂತ್ಮೇಲೆ ಗೊತ್ತಾಯ್ತು ಕಣಮ್ಮ ಎಲ್ರಿಗೂ," ಅಂದಿದ್ದರು. "ಗಿಟಾರ್ ಸದ್ದು ನಿಂತ್ಮೇಲೆ."

ಅದನ್ನು ಕೇಳಿದಂದಿನಿಂದ ಹಾಡಿನ ಮಧ್ಯೆ ಅವರ ಗಿಟಾರ್ ಒಂದು ಕ್ಷಣ ತಡೆದರೆ ನನಗೆ ಹಾಡು ಮರೆಯುತ್ತಿತ್ತು. ಅದು ಹಾಡಿನಲ್ಲೇ ಇರುವ ವಿರಾಮವಾದರೂ ಸರಿ. ತಲೆ ತಿರುಗಿಸಿ ನೋಡಿ, ಅವರು ಉಸಿರಾಡುತ್ತಿರುವುದನ್ನು ಕಂಡು ಮುಂದಿನ ಸಾಲು ಹಿಡಿಯುತ್ತಿದ್ದೆ. ನನ್ನ ತಾಳ ತಪ್ಪುತ್ತಿದ್ದುದು ಅಲ್ಲೇ.

ಇನ್ನು ಬಸವೇಶ್ವರನಗರದ ರಾಜ್ಯೋತ್ಸವ. ಹಾಡುಗಳ ನಡುವೆ ಕಲಾವಿದರಿಗೆ ಸನ್ಮಾನವಿತ್ತು. ಅಲ್ಲಿನ ಸಂಘದ ಅಧ್ಯಕ್ಷರು ಎಡಗೈಯಲ್ಲಿ ಮೈಕು ಹಿಡಿದು ನಾಡುನುಡಿಯ ಬಗ್ಗೆ ಮಾತಾಡುತ್ತ, ಬಲಗೈಯಲ್ಲಿ ಗುಲಾಬಿ ಹಾರ ಎತ್ತಿಕೊಂಡು ಮೇಷ್ಟ್ರ ಕಡೆ ನಡೆದರು. ಬಾಡದಿರಲೆಂದು ಹಾರಕ್ಕೆ ಆಗತಾನೆ ನೀರು ಚಿಮುಕಿಸಿದ್ದರು. ಹನಿಗಳು ತೊಟ್ಟಿಕ್ಕುತ್ತಿದ್ದವು. ಮೇಷ್ಟ್ರ ಕೊರಳಿನಲ್ಲಿ ಗಿಟಾರು, ಕೈ ತಂತಿಯ ಮೇಲೆ. ಅವತ್ತು ಟೆಸ್ಟರ್ ದೀಪ ಹತ್ತಿತ್ತು.

ಎಂದೂ ನಡುವೆ ಇಳಿಯದವರು ಮಣೆಯಿಂದಿಳಿದು ಹಿಂದೆ ಹಿಂದೆ ಸರಿದರು. ಬೆನ್ನಿಗೆ ಪರದೆ ತಾಗಿತು. "ಮೈಕ್ ಕೆಳಗಿಡಿ ಸಾರ್. ಮುಟ್ಬೇಡಿ, ದಯವಿಟ್ಟು ಮುಟ್ಬೇಡಿ."

ಆ ಮಾತನ್ನು ಮೈಕು ಬಯಲಿಗೆಲ್ಲ ಹೇಳಿತು. ಅಧ್ಯಕ್ಷರು ನಿಂತರು. ಮೊದಲು ಮಣೆ ನೋಡಿದರು, ಆಮೇಲೆ ಇವರನ್ನು.

"ಏನ್ರೀ, ನಾನು ಮುಟ್ಟಿದ್ರೆ ಮೈಲಿಗೆನಾ ನಿಮಗೆ? ಮಡೀಲಿದೀರಾ?"

"ರಬ್ಬರ್ ಚಪ್ಪಲಿ ಹಾಕ್ಕೊಂಡು ಎಂಥಾ ಮಡಿ ಗುರು," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಯಾರೂ ನಗಲಿಲ್ಲ. ಜನ ಎದ್ದು ನಿಲ್ಲತೊಡಗಿದರು. ಮಡಚುವ ಕಬ್ಬಿಣದ ಕುರ್ಚಿಯೊಂದು ಹಾರಿಬಂದು ಡ್ರಮ್ಮಿನ ಮುಂದೆ ಬಿತ್ತು. ಅಮ್ಮ ಪರದೆಯ ಸಂದಿಯಿಂದ ಕೈ ಹಾಕಿ ನನ್ನ ಸೆರಗು ಹಿಡಿದಳು.

ಚಂದ್ರು ನುಗ್ಗಿ ಬಂದು ಮೈಕು ಕಸಿದುಕೊಂಡ. "ಸ್ವಾಮಿ, ತಪ್ಪು ತಿಳ್ಕೋಬೇಡಿ. ಮೇಷ್ಟ್ರು ಹರಕೆ ಹೊತ್ತಿದಾರೆ. ಮುಗಿಯೋವರ್ಗೂ ಯಾರನ್ನೂ ಮುಟ್ಟಂಗಿಲ್ಲ."

ಎದ್ದವರು ಕೂತರು. ಅಧ್ಯಕ್ಷರು ಹಾರವನ್ನು ಮಣೆಯ ಮೇಲಿಟ್ಟು ನಮಸ್ಕಾರ ಮಾಡಿದರು. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರು ಹೆಂಗಸರು ಬಂದು ಯಾವ ದೇವರ ಹರಕೆ ಎಂದು ಕೇಳಿದರು. ಮೇಷ್ಟ್ರು ಗಿಟಾರಿನ ಚೀಲದ ಗುಂಡಿ ಹಾಕುತ್ತಲೇ ಇದ್ದರು.

"ಕರೆಂಟಿಗೆ ಹೆದರ್ತೀನಿ ಅಂದಿದ್ರೆ ನಗ್ತಿದ್ರು," ಅಂದರು ಆಮೇಲೆ. "ದೇವರಿಗೆ ಹೆದರ್ತೀನಿ ಅಂದ್ರೆ ಕೈ ಮುಗೀತಾರೆ."

ಅವತ್ತೇ ಚಂದ್ರುವಿಗೆ ಹೇಳಿಬಿಟ್ಟರು. ಹೊಟ್ಟೆಯಲ್ಲಿ ಆ ವೈರು ಇಲ್ಲದ ಗಿಟಾರ್ ಆದರೆ ನುಡಿಸುತ್ತೇನೆ, ಇಲ್ಲದಿದ್ದರೆ ಟೈಪಿಂಗೇ ಸಾಕು ನನಗೆ. ಹಿಂದೊಮ್ಮೆ ಅವರು ಆ ವೈರು ಕತ್ತರಿಸಿದ್ದರು. ಗುಂಯ್ ಸದ್ದು ಹಾಡನ್ನೇ ನುಂಗಿತ್ತು, "ಗಿಟಾರೊಳಗೆ ಜೇನು ಸಾಕಿದೀರಾ?" ಎಂದು ಚಂದ್ರು ಮತ್ತೆ ಬೆಸುಗೆ ಹಾಕಿಸಿದ್ದ. ವೈರು ಇಲ್ಲದೆಯೂ ಸದ್ದು ಮಾಡದಿರಬೇಕಾದರೆ ಪಿಕಪ್ಪುಗಳನ್ನೇ ಬದಲಾಯಿಸಬೇಕಿತ್ತು.

ಡ್ರಮ್ಮರಿನ ಅಣ್ಣ ಹಡಗಿನಲ್ಲಿ ಕೆಲಸದಲ್ಲಿದ್ದ. ರಜೆಗೆ ಬರುವಾಗ ಎರಡು ಬಗೆಯ ಪಿಕಪ್ಪು ತಂದ. ಒಂದನ್ನು ನಾವು ಇಟ್ಟುಕೊಳ್ಳಬೇಕು, ಇನ್ನೊಂದು ಕಂಟೋನ್ಮೆಂಟಿನ ಹೋಟೆಲಿನಲ್ಲಿ ನುಡಿಸುವವನಿಗೆ. ಆರಿಸಲು ಒಂದು ಭಾನುವಾರ ಬೆಳಗ್ಗೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೇರಿದೆವು. ಮೇಷ್ಟ್ರು, ಚಂದ್ರು, ಡ್ರಮ್ಮರ್, ನಾನು, ಅಮ್ಮ. ಗಿರಣಿಗೆ ರಜೆ.

ಬೆಸುಗೆ ಹಾಕುವ ಕೆಲಸ ಮೇಷ್ಟ್ರದೇ. ಅವರು ಬೆಸುಗೆಯ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿ, ಕಾದ ಮೇಲೆ ಪ್ಲಗ್ಗು ಕಿತ್ತು, ಆಮೇಲೆ ಗಿಟಾರಿನ ಹತ್ತಿರ ತರುತ್ತಿದ್ದರು. ಒಂದು ಬೆಸುಗೆ ಮುಗಿಯುವಷ್ಟರಲ್ಲಿ ಕಡ್ಡಿ ಆರುತ್ತಿತ್ತು. ಮತ್ತೆ ಪ್ಲಗ್ಗು, ಮತ್ತೆ ಕಾಯುವುದು, ಮತ್ತೆ ಕೀಳುವುದು. ಸ್ವಿಚ್ಚಿಗೆ ರೂಲರ್. "ಈ ಸ್ಪೀಡಲ್ಲಿ ಹೋದ್ರೆ ನನ್ನ ಮಗಳ ಮದ್ವೆಗೆ ನುಡಿಸ್ಬಹುದು ನೀವು," ಅಂದ ಚಂದ್ರು. ಅವನ ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದಳು.

ಮೊದಲು ಹಾಕಿದ್ದು ಎರಡು ಸುರುಳಿಯ ಪಿಕಪ್ಪು. ಒಂದು ಸುರುಳಿ ಹಿಡಿದ ಗೊಣಗಾಟವನ್ನು ಇನ್ನೊಂದು ಅಳಿಸುತ್ತದೆಯಂತೆ. ಮೇಷ್ಟ್ರು ಒಂದು ಸ್ವರ ಮೀಟಿ ಬಿಟ್ಟರು. ಆ ಸದ್ದನ್ನು ವರ್ಣಿಸಲು ನನ್ನಲ್ಲಿ ಮಾತಿಲ್ಲ. ದಪ್ಪಗಿತ್ತು, ಬೆಚ್ಚಗಿತ್ತು, ಕೋಣೆಯ ಗಾಳಿಯೇ ಸ್ವಲ್ಪ ತೂಕ ಬಂದ ಹಾಗೆ ಆಯಿತು. ಅವರು ಒಂದು ಹಾಡಿನ ನಡುವಿನ ತುಣುಕು ನುಡಿಸಿದರು. ಕಣ್ಣು ಮುಚ್ಚಿಕೊಂಡಿದ್ದರು. ಅವರು ಕಣ್ಣು ಮುಚ್ಚಿ ನುಡಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸ್ಟೇಜಿನ ಮೇಲೆ ಅವರು ಕಣ್ಣು ಮುಚ್ಚುತ್ತಿರಲಿಲ್ಲ.

"ಮುಗೀತು," ಅಂದ ಚಂದ್ರು. "ಇದೇ. ಡಿಸ್ಕೋ ಹಾಡಿಗೆ ಇದ್ರಪ್ಪನಂಥದ್ದು ಸಿಗಲ್ಲ."

"ವೈರು ಬಿಡಿಸಿ ನೋಡೋಣ," ಅಂದರು ಮೇಷ್ಟ್ರು. ಬಿಡಿಸಿದರು. ಹಿಂದಿನಷ್ಟಲ್ಲದಿದ್ದರೂ ತೆಳ್ಳಗೆ ಗುಂಯ್ ಎಂಬುದು ಇತ್ತು. ಸೀರಿಯಲ್ ಸೆಟ್ಟಿನ ಪಕ್ಕ ನಿಂತರೆ ಇನ್ನೂ ಜಾಸ್ತಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ವೈರು ಹಾಕ್ಬಿಡಿ ಮೇಷ್ಟ್ರೇ. ಇಷ್ಟು ವರ್ಷ ಏನಾದ್ರೂ ಆಯ್ತಾ?"

ಎರಡನೆಯದು ಬ್ಯಾಟರಿಯ ಪಿಕಪ್ಪು. ಅದರ ಹೊಟ್ಟೆಯಲ್ಲೇ ಸಣ್ಣ ಸರ್ಕ್ಯೂಟು, ಅದಕ್ಕೊಂದು ಟ್ರಾನ್ಸಿಸ್ಟರ್ ರೇಡಿಯೋದ ಬ್ಯಾಟರಿ. ಅದಕ್ಕೆ ತಂತಿಗಳಿಂದ ವೈರು ಬೇಕಾಗಿಲ್ಲ. ತಂತಿಗಳು ಯಾವುದಕ್ಕೂ ಸೇರಿರುವುದಿಲ್ಲ. ಬೆಸುಗೆ ಮುಗಿಸಿ ಆಂಪ್ಲಿಫೈಯರ್ ಹಾಕಿದಾಗ ಏನೂ ಕೇಳಿಸಲಿಲ್ಲ. ಕೆಟ್ಟಿದೆ ಅಂದುಕೊಂಡೆವು. ಮೇಷ್ಟ್ರು ತಂತಿ ಮೀಟಿದಾಗ ಆ ಮೌನದಿಂದ ಸ್ವರ ಸೀದಾ ಎದ್ದು ಬಂತು. ಅಷ್ಟು ಸ್ಪಷ್ಟ. ತಣ್ಣಗಿತ್ತು. ಅವರು ಅದೇ ತುಣುಕು ನುಡಿಸಿ ಅರ್ಧದಲ್ಲಿ ನಿಲ್ಲಿಸಿದರು.

"ಇದು ನಂದಲ್ಲ," ಅಂದರು ಮೆಲ್ಲಗೆ.

"ಆಸ್ಪತ್ರೆ ನೆಲ ಒರೆಸಿದಂಗಿದೆ," ಅಂದ ಡ್ರಮ್ಮರ್.

ಅವರು ಮೇಜಿನ ಮೇಲಿದ್ದ ಮೊದಲನೆಯ ಪಿಕಪ್ಪನ್ನು ಕೈಗೆತ್ತಿಕೊಂಡರು. ಇಟ್ಟರು. ಮತ್ತೆ ಎತ್ತಿಕೊಂಡರು. ಅವರಿಗೆ ಆ ಸದ್ದು ಬೇಕಾಗಿತ್ತು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಭಯಪಡುವವರಿಗೆ ಬೇರೆ ಆಸೆಗಳೇ ಇರುವುದಿಲ್ಲ ಎಂದು ಆವರೆಗೆ ಅಂದುಕೊಂಡಿದ್ದೆ. "ನೀನು ಹೇಳಮ್ಮ, ಕಿವಿ ಚೆನ್ನಾಗಿದೆ ನಿಂದು," ಎಂದು ನನ್ನ ಕಡೆ ತಿರುಗಿದರು. ನನ್ನ ಕಿವಿ ಮೊದಲನೆಯದು ಅನ್ನುತ್ತಿತ್ತು, ತುಟಿ ಎರಡನೆಯದು ಅನ್ನುತ್ತಿತ್ತು. ನಾನು ಬಾಯಿ ಬಿಡುವ ಮೊದಲೇ ಮೂಲೆಯಿಂದ ಅಮ್ಮ ಮಾತಾಡಿದಳು.

"ಯಾವುದ್ರಲ್ಲಿ ಮಕ್ಕಳು ಸಾಯಲ್ವೋ ಅದು ಹಾಕ್ಕೊಳ್ಳಿ."

ಮೇಷ್ಟ್ರು ಮೊದಲನೆಯ ಪಿಕಪ್ಪನ್ನು ಅದರ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

ಆದರೆ ಆರಿಸಿದ ಮಾತ್ರಕ್ಕೆ ನಂಬಿಕೆ ಬರಬೇಕಲ್ಲ. ಪರೀಕ್ಷೆ ಆಗಲೇಬೇಕು ಎಂದರು. ಬೇಕೆಂದೇ ಆಂಪ್ಲಿಫೈಯರಿನ ಪ್ಲಗ್ಗು ತಿರುಗಿಸಿ ಹಾಕಿದರು. ಟೆಸ್ಟರನ್ನು ಅದರ ಮೈಗೆ ತಾಗಿಸಿದರು, ದೀಪ ಹತ್ತಿತು. ಗಿಟಾರಿನ ತಂತಿಗೆ ತಾಗಿಸಿದರು, ಹತ್ತಲಿಲ್ಲ.

"ಆಯ್ತಲ್ಲ," ಅಂದ ಚಂದ್ರು.

"ಟೆಸ್ಟರ್ ದೀಪನೇ ಈಗ ಹೋಗಿದ್ರೆ?"

ಮತ್ತೆ ಆಂಪ್ಲಿಫೈಯರಿಗೆ. ಹತ್ತಿತು. ಮತ್ತೆ ತಂತಿಗೆ. ಇಲ್ಲ. ಹೀಗೆ ಎಷ್ಟೋ ಸಲ. ಇನ್ನು ಉಳಿದದ್ದು ಒಂದು ಕೈ ತಂತಿಯ ಮೇಲಿಟ್ಟು ಇನ್ನೊಂದು ಕೈಯಿಂದ ಮೈಕು ಹಿಡಿಯುವುದು. ಮೈಕನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೆವು. ಮೇಷ್ಟ್ರು ಮಣೆ ಬಿಟ್ಟು ಬರಿಗಾಲಿನಲ್ಲಿ ಅದರ ಎದುರು ನಿಂತರು. ಎಡಗೈ ತಂತಿಯ ಮೇಲೆ. ಬಲಗೈ ಮುಂದೆ ಹೋಯಿತು, ಒಂದು ಗೇಣಿನ ದೂರದಲ್ಲಿ ನಿಂತಿತು. ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯಿತು. ಟೈಪ್‌ರೈಟರಿನ ಕೀಗಳನ್ನು ನೋಡದೆ ಓಡುವ ಆ ಬೆರಳುಗಳಿಗೆ ಆ ಒಂದು ಗೇಣು ದಾಟಲು ಆಗಲಿಲ್ಲ. ಕೈ ಇಳಿಸಿ, ಸ್ಟೂಲಿನ ಮೇಲೆ ಕೂತು, ಅಂಗಿಯಿಂದ ಮುಖ ಒರೆಸಿಕೊಂಡರು. "ಆಗ್ತಿಲ್ಲ," ಅಂದರು. ನಾನು ಮುಟ್ಟುತ್ತೇನೆ ಎಂದು ಡ್ರಮ್ಮರ್ ಎದ್ದ. ಅವನ ಕೈಯನ್ನು ಟೆಸ್ಟರಿನಿಂದಲೇ ತಳ್ಳಿದರು.

ಭಯ ಹೋಗಲಿಲ್ಲ, ಜಾಗ ಬದಲಾಯಿಸಿತು. ತಂತಿಯಲ್ಲಿ ಕರೆಂಟಿಲ್ಲ, ಸರಿ. ಆದರೆ ಗಿಟಾರಿಗೆ ಕೇಬಲ್ ಚುಚ್ಚುವ ಜಾಗದ ಲೋಹ ಇನ್ನೂ ಆಂಪ್ಲಿಫೈಯರಿನ ಮೈಗೇ ಸೇರಿತ್ತಲ್ಲ. ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ದಾರ ಬಿಗಿದರು. ಮತ್ತೆ ಬಿಚ್ಚಲು ಧೈರ್ಯ ಬರಲಿಲ್ಲ. ಕೇಬಲ್ಲನ್ನು ಗಿಟಾರಿನಿಂದ ಕೀಳದೆ ಹಾಗೇ ಬಿಟ್ಟರು. ಕೇಬಲ್ ಚುಚ್ಚಿರುವಷ್ಟು ಹೊತ್ತೂ ಒಳಗಿನ ಬ್ಯಾಟರಿ ಸವೆಯುತ್ತಿರುತ್ತದೆ ಎಂದು ಡ್ರಮ್ಮರಿನ ಅಣ್ಣ ಹೇಳಿದ್ದ. ಆ ಮಾತು ನಮ್ಮ ಯಾರ ತಲೆಯಲ್ಲೂ ನಿಂತಿರಲಿಲ್ಲ. ಬೇಸಿಗೆ ಹೋಯಿತು, ಮಳೆ ಶುರುವಾಯಿತು. ಮೂಡಲಪಾಳ್ಯದ ಅವರ ಮನೆಯ ಗೋಡೆಗೆ ಒರಗಿ, ಕೊರಳಿಗೆ ಕೇಬಲ್ ಸುತ್ತಿಕೊಂಡು, ಗಿಟಾರು ಗಣೇಶನ ಹಬ್ಬಕ್ಕಾಗಿ ಕಾಯುತ್ತಿತ್ತು.

ಕಾರ್ಯಕ್ರಮ ಸುಂಕದಕಟ್ಟೆಯಲ್ಲಿ, ಮಾಗಡಿ ರೋಡಿನ ಪಕ್ಕದ ಖಾಲಿ ಸೈಟಿನಲ್ಲಿ. ಮಧ್ಯಾಹ್ನ ಮಳೆ ಸುರಿದಿತ್ತು. ಸ್ಟೇಜಿನ ಹಲಗೆಗಳು ನೆನೆದು ಕಪ್ಪಾಗಿದ್ದವು, ಹೆಜ್ಜೆ ಇಟ್ಟರೆ ಸಂದಿಯಿಂದ ನೀರು ಜಿನುಗುತ್ತಿತ್ತು. ಮೇಷ್ಟ್ರು ಟೆಸ್ಟರ್ ಹಿಡಿದು ಆಂಪ್ಲಿಫೈಯರಿನ ಹತ್ತಿರ ಬಗ್ಗಿದರು. ದೀಪ ಹತ್ತಿದ್ದು ನಾನು ನಿಂತಲ್ಲಿಗೇ ಕಂಡಿತು.

"ಒಂದ್ಸಲ ತಿರುಗಿಸಿ ಹಾಕಪ್ಪ," ಎಂದು ಮೈಕ್‌ಸೆಟ್ಟಿನವನಿಗೆ ಕೈ ಮುಗಿದರು.

"ಆರತಿ ನಡೀತಿದೆ ಸಾರ್. ಈಗ ಕಿತ್ರೆ ಗಣೇಶನ ಲೈಟೂ ಹೋಗುತ್ತೆ. ನನ್ನ ಹೊಡೀತಾರೆ."

ಅವರು ನನ್ನ ಹತ್ತಿರ ಬಂದರು. "ಇವತ್ತು ಅದರ ಮೈಯಲ್ಲಿ ಇದೆ ಕಣಮ್ಮ. ಹೊಸ ಪಿಕಪ್ಪು ಅಂತ ನಂಬ್ಕೊಂಡು ಹತ್ರ ಬರ್ಬೇಡ. ಪೆಂಡಾಲಿನ ಆ ಕೊನೇ ಕಂಬ ಇದೆಯಲ್ಲ, ಅಲ್ಲೇ ನಿಂತು ಹಾಡು." ತಾವು ಹೋಗಿ ಮಣೆಯ ಮೇಲೆ ನಿಂತರು. ಮಣೆಯೂ ನೆನೆದಿತ್ತು.

ಮೂರನೆಯದೋ ನಾಲ್ಕನೆಯದೋ ಹಾಡು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಚರಣ ಮುಗಿಸಿ ನಾನು ಉಸಿರು ತೆಗೆದುಕೊಂಡೆ. ಅಲ್ಲಿಂದ ಮುಂದೆ ಗಿಟಾರಿನ ಪಾಲು. ತಣ್ಣನೆಯ ಆ ಸ್ವರ ಏಳುತ್ತ ಏಳುತ್ತ ಒರಟಾಯಿತು, ಗೊಗ್ಗರು ದನಿಯಲ್ಲಿ ಕೆರೆದ ಹಾಗೆ ಕೇಳಿತು, ನಿಂತಿತು. ಡ್ರಮ್ಮು ಮಾತ್ರ ನಡೆಯುತ್ತಿತ್ತು.

ತಿರುಗಿ ನೋಡಿದೆ. ಅವರು ನಿಂತಿದ್ದರು. ಬೆರಳುಗಳು ತಂತಿಯ ಮೇಲೆ ಅಲುಗುತ್ತಿದ್ದವು, ಭುಜ ಅದುರುತ್ತಿತ್ತು, ಸದ್ದಿರಲಿಲ್ಲ. ಮುಂದಿನ ಸಾಲಿನ ಹುಡುಗರು ಚಪ್ಪಾಳೆ ಹೊಡೆಯಲು ಶುರು ಮಾಡಿದರು. ಯಾರೋ ಶಿಳ್ಳೆ ಹಾಕಿದ.

ನಾನು ಓಡಿದೆ. ಕೈಯಲ್ಲಿ ಮೈಕಿರುವುದು ನನಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ, ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎಡಗೈಯಿಂದ ಅವರ ತೋಳು ಹಿಡಿದು ಎಳೆದೆ. ಅವರು ಮಣೆಯಿಂದ ಜಾರಿ ಒದ್ದೆ ಹಲಗೆಯ ಮೇಲೆ ಬಂದರು. ಚಪ್ಪಲಿ ಒಂದು ಕಡೆ ಹೋಯಿತು. ನನ್ನ ಬಲಗೈಯಲ್ಲಿ ಮೈಕು. ಅವರ ಇನ್ನೊಂದು ಕೈ ತಂತಿಗಳ ಮೇಲೇ ಇತ್ತು. ಅವರು ನನ್ನ ಕೈ ನೋಡಿದರು, ಮೈಕು ನೋಡಿದರು. ಸತ್ತೆ ಅಂತ ನನಗೆ ಅನ್ನಿಸಿತು. ಈ ಹುಡುಗೀನ ಕೊಂದೆ ಅಂತ ಅವರಿಗೆ ಅನ್ನಿಸಿರಬೇಕು, ಅಂಥ ಕಣ್ಣುಗಳನ್ನು ನಾನು ಮತ್ತೆ ಯಾರಲ್ಲೂ ನೋಡಿಲ್ಲ.

ಏನೂ ಆಗಲಿಲ್ಲ.

ಹೊಸ ಪಿಕಪ್ಪಿನಲ್ಲಿ ತಂತಿಗಳು ಯಾವುದಕ್ಕೂ ಸೇರಿರಲಿಲ್ಲ. ಅವರ ತೋಳು ಬೆಚ್ಚಗಿತ್ತು. ನನ್ನ ಬೆರಳಿನ ಕೆಳಗೆ ನಾಡಿ ಓಡುತ್ತಿತ್ತು.

"ಬ್ಯಾಟರಿ ಮುಗ್ದಿದೆ ಕಣಮ್ಮ," ಅಂದರು. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಸುಂಕದಕಟ್ಟೆಗೆಲ್ಲ ಕೇಳಿಸಿತು. ಜನ ಹೋ ಎಂದು ನಕ್ಕರು. ಚಂದ್ರು ಆ ಕಡೆಯಿಂದ ಏನೋ ಕೂಗುತ್ತಿದ್ದ, ಡ್ರಮ್ಮರ್ ನಿಲ್ಲಿಸದೆ ಬಡಿಯುತ್ತಿದ್ದ, ಪರದೆಯ ಹಿಂದೆ ಅಮ್ಮ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಕೈ ಬಿಡಲು ಹೋದೆ.

ಅವರು ಮೈಕಿನಿಂದ ಮುಖ ಆಚೆ ತಿರುಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ಬಿಡ್ಬೇಡ. ಇನ್ನೊಂಚೂರು ಹೊತ್ತು ಹಿಡ್ಕೊಂಡಿರು."